ಕಾರವಾರದ ಎಂಟು ದಿನ

ಶಿವಗಣಾರಾಧನೆ ಮುಗಿದು, ಕೊನೆಯ ನೆಂಟರೂ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ನಲ್ಲಿಗೆ ನೀರು ಬಂತು. ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ಬರುವ ನೀರು. ನನ್ನ ಗಂಡ ಮೌನೇಶ ಇದ್ದಾಗ ಡ್ರಮ್ಮು ತುಂಬುವುದು ಅವನ ಕೆಲಸ, ಕೊಡ ತುಂಬುವುದು ನನ್ನದು. ಎರಡನ್ನೂ ನಾನೇ ತುಂಬಿದೆ. ಪೈಪು ಸುತ್ತಿ ಮೊಳೆಗೆ ಹಾಕಿ ಒಳಗೆ ಬಂದು ಚಹಾಕ್ಕಿಟ್ಟೆ. ಅತ್ತೆಗೆ ಒಂದು ಕಪ್ಪು, ನನಗೆ ಒಂದು. ಮರೆತು ಮೂರನೆಯದನ್ನು ಇಳಿಸಲಿಲ್ಲ. ಅಂಥ ತಪ್ಪು ನನ್ನಿಂದ ಒಮ್ಮೆಯೂ ಆಗಿಲ್ಲ.

ಹದಿಮೂರು ದಿನದ ಹಿಂದೆ ಮೌನೇಶ ಹುಮನಾಬಾದಿನಲ್ಲಿ ಒಂದು ಮದುವೆಯ ಫೋಟೊ ತೆಗೆದು ಬೈಕಿನಲ್ಲಿ ವಾಪಸು ಬರುತ್ತಿದ್ದಾಗ ಟ್ರ್ಯಾಕ್ಟರ್ ಬಡಿಯಿತು. ಅವನಿಗೆ ಮೂವತ್ತೈದು ವರ್ಷ. ನಾನು ಅಳಲಿಲ್ಲವೆಂದು ಬಂದವರು ತಮ್ಮತಮ್ಮೊಳಗೆ ಆಡಿಕೊಂಡದ್ದು ನನಗೂ ಕೇಳಿಸಿತು. ಅವರು ಹೇಳಿದ್ದು ಸುಳ್ಳಲ್ಲ.

ಒಂಬತ್ತರ ಸುಮಾರಿಗೆ ಸಾಯಬಣ್ಣ ಮಾಸ್ತರು ಬಂದರು. ಕಮಲಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಈಗ ಎಪ್ಪತ್ನಾಲ್ಕು. ಮದುವೆಯಾದವರಲ್ಲ. ಕಲಬುರಗಿಗೆ ಬಂದಾಗಲೆಲ್ಲ ಮೌನೇಶನ ಸ್ಟುಡಿಯೊದಲ್ಲಿ ಒಂದು ತಾಸು ಕೂತು ಹೋಗುವ ರೂಢಿ ಅವರದು. ಕೈಚೀಲದಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿದ್ದರು. ಸಾವಿನ ಮನೆಗೆ ಹಣ್ಣು ತರಬಹುದೋ ಬಾರದೋ ಗೊತ್ತಾಗಲಿಲ್ಲ, ಬರಿಗೈಯಲ್ಲಿ ಬರಲು ಕಾಲೇಳಲಿಲ್ಲ ಎಂದರು. ನಾನು ಹಣ್ಣು ತೆಗೆದುಕೊಂಡು ಕುರ್ಚಿ ಹಾಕಿದೆ. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು.

ಮಾಸ್ತರು ಬಿಸಿಲಿನ ಮಾತಾಡಿದರು. ಬಸ್ಸಿನ ಮಾತಾಡಿದರು. ಬಂದ ಕೆಲಸ ಬೇರೆ ಏನೋ ಇದೆ, ಹೇಳಲು ಆಗುತ್ತಿಲ್ಲ ಎಂದು ನನಗೆ ತಿಳಿಯಿತು. ಮೇ ತಿಂಗಳು ಬಂದರೆ ತಮಗೆ ಈ ಸೀಮೆಯಲ್ಲಿ ಇರಲು ಆಗುವುದಿಲ್ಲ ಎಂದರು. ಆಮೇಲೆ ಕಾರವಾರದ ಮಾತು ಶುರುವಾಯಿತು.

ಇಪ್ಪತ್ತೆಂಟು ವರ್ಷ, ಮೇ ತಿಂಗಳಿನ ಎಂಟು ದಿನಗಳನ್ನು ಅವರು ಕಾರವಾರದಲ್ಲಿ ಕಳೆದಿದ್ದರು. ಜೊತೆಯಲ್ಲಿ ದತ್ತಪ್ಪ. ದತ್ತಪ್ಪ ನೆಹರು ಗಂಜಿನಲ್ಲಿ ತೊಗರಿ ದಲಾಲಿ ಮಾಡುತ್ತಿದ್ದವರು, ಹೆಂಡತಿ ಮಗ ಇದ್ದ ಸಂಸಾರಸ್ಥರು. ನಮ್ಮ ಮನೆಯಿಂದ ಎರಡು ಓಣಿ ಆಚೆ ಅವರ ಮನೆ. ಕಳೆದ ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡರು. ಆ ಎಂಟು ದಿನಕ್ಕೆ ದತ್ತಪ್ಪ ಮನೆಯಲ್ಲಿ ಗೋವಾದ ವ್ಯಾಪಾರಿಗಳ ಭೇಟಿ ಎಂದು ಹೇಳುತ್ತಿದ್ದರು. ಮಾಸ್ತರು ಧಾರವಾಡದಲ್ಲಿ ಡ್ರಾಯಿಂಗ್ ಪರೀಕ್ಷೆಯ ಪೇಪರು ತಿದ್ದುವ ಕೆಲಸ ಎನ್ನುತ್ತಿದ್ದರು. ಇಬ್ಬರೂ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೂಡಿಕೊಂಡು ಕಾರವಾರದ ಬಸ್ಸು ಹತ್ತುತ್ತಿದ್ದರು.

ಅವರಿಬ್ಬರ ವಿಷಯ ಮೌನೇಶ ನನಗೆ ಹೇಳಿದ್ದ. ಊರು ತಿಳಿದಂತೆ ಬರೀ ಗೆಳೆಯರಲ್ಲ, ಒಬ್ಬರನ್ನೊಬ್ಬರು ಪ್ರೀತಿಸಿದವರು ಎಂದಿದ್ದ. ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಸಲಿಂಗಪ್ರೇಮದ ಮೇಲೆ ಪರೀಕ್ಷೆಯಲ್ಲಿ ಹದಿನೈದು ಅಂಕದ ಉತ್ತರ ಬರೆದಿದ್ದೆ. ಆ ಉತ್ತರದಲ್ಲಿ ಖಡಕ್ ರೊಟ್ಟಿಯ ಮಾತಿರಲಿಲ್ಲ. ಮಾಸ್ತರು ಹೇಳಿದ್ದೆಲ್ಲ ಅಂಥದೇ. ಕಾರವಾರದಲ್ಲಿ ಎಲ್ಲಿ ನೋಡಿದರೂ ಮೀನಿನ ಊಟ, ಅದಕ್ಕೆ ದತ್ತಪ್ಪ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಕಡಲ ಗಾಳಿಗೆ ಆ ರೊಟ್ಟಿ ಎರಡೇ ದಿನದಲ್ಲಿ ಮೆತ್ತಗಾಗುತ್ತಿತ್ತು. ದತ್ತಪ್ಪ ಅದನ್ನು ಲಾಡ್ಜಿನ ಮಾಳಿಗೆಯ ಗಚ್ಚಿನ ಮೇಲೆ ಒಣಹಾಕಿ ಕಾಗೆ ಕಾಯುತ್ತಾ ಕೂರುತ್ತಿದ್ದರು. ಗಂಜಿನಲ್ಲಿ ಎಲ್ಲರನ್ನೂ ಗದರಿಸುವ ಮನುಷ್ಯ ನೀರಿಗೆ ಹೆದರುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಮೊಣಕಾಲಿನ ಆಚೆ ಒಂದು ಸಲವೂ ಇಳಿಯಲಿಲ್ಲ.

ಊರಿನ ದಕ್ಷಿಣಕ್ಕೆ ಅರ್ಗಾದಲ್ಲಿ ಒಂದು ಸಣ್ಣ ಕಡಲತೀರ ಇತ್ತಂತೆ. ಮಧ್ಯಾಹ್ನ ಅಲ್ಲಿ ಯಾರೂ ಇರುತ್ತಿರಲಿಲ್ಲ. ಗಾಳಿಮರದ ನೆರಳಿನಲ್ಲಿ ಇವರು ಚಿತ್ರ ಬರೆಯಲು ಕೂತರೆ ದತ್ತಪ್ಪ ಇವರ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಿದ್ದರು.

“ಎದ್ದಾಗ ಕಿವ್ಯಾಗ ಉಸುಕು,” ಎಂದು ಮಾಸ್ತರು ಸ್ವಲ್ಪ ನಕ್ಕರು. “ಪುಣ್ಯಾತ್ಮ ಅದಕ್ಕೂ ನನಗೇ ಬೈತಿದ್ದ.”

ಕೈಯನ್ನು ತೊಡೆಯ ಮೇಲೆ ಒರೆಸಿಕೊಂಡರು. ನಾನೇ ಕೇಳಿದೆ, ಮೌನೇಶನ ಹತ್ತಿರ ನಿಮ್ಮದೇನಾದರೂ ಉಳಿದಿದೆಯೇ ಎಂದು.

“ಒಂದು ಫೋಟೊ ಅದ, ತಂಗಿ.”

ಅದರ ಕತೆ ಇಷ್ಟು. ದತ್ತಪ್ಪನ ಮಗ ರೇವಣ ಸೇಡಂ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಈ ಶುಕ್ರವಾರ ಅದರ ಗೃಹಪ್ರವೇಶ. ಪಡಸಾಲೆಯಲ್ಲಿ ಹಾಕಲು ಅಪ್ಪನ ಒಂದು ಒಳ್ಳೆಯ ಫೋಟೊ ಬೇಕಿತ್ತು. ಮನೆಯಲ್ಲಿದ್ದ ಎಲ್ಲದರಲ್ಲೂ ದತ್ತಪ್ಪ ಮುಖ ಗಂಟಿಕ್ಕಿಕೊಂಡೇ ಇದ್ದರು. ನಿಮ್ಮ ಹತ್ತಿರ ಇದೆಯೇ ಕಾಕಾ ಎಂದು ರೇವಣ ಕೇಳಿದ. ಮಾಸ್ತರ ಹತ್ತಿರ ಒಂದಿತ್ತು. ತೊಂಬತ್ತೊಂದರಲ್ಲಿ ಕಾರವಾರದ ದಂಡೆಯ ಫೋಟೊಗ್ರಾಫರ್ ಒಬ್ಬ ತೆಗೆದದ್ದು. ದತ್ತಪ್ಪ ಬಾಯ್ತುಂಬ ನಗುತ್ತಿದ್ದದ್ದು. ಮಾಸ್ತರು ಅವರ ಹೆಗಲ ಮೇಲೆ ಕೈ ಹಾಕಿ ನಿಂತಿದ್ದದ್ದು. ಇಬ್ಬರೂ ಒಟ್ಟಿಗೆ ಇರುವ ಫೋಟೊ ಅದೊಂದೇ. ಆ ನಗು ಅವರ ಮನೆಯಲ್ಲೂ ಇರಲಿ ಅನ್ನಿಸಿತು ಅವರಿಗೆ. ರೇವಣನ ಕೈಗೆ ಕೊಡದೆ ಮೌನೇಶನಿಗೆ ತಂದುಕೊಟ್ಟರು. ದತ್ತಪ್ಪನ ಮುಖ ಮಾತ್ರ ಬಿಡಿಸಿ ದೊಡ್ಡದು ಮಾಡಬೇಕು, ಮೂಲ ಯಾರಿಗೂ ಕಾಣಬಾರದು, ಕಂಪ್ಯೂಟರಿನಲ್ಲೂ ಇರಬಾರದು. ಬಣ್ಣ ಹೊಂದಿಸಿ ನೋಡಲು ನಾಲ್ಕು ದಿನ ಇಟ್ಟುಕೊಳ್ಳುತ್ತೇನೆ ಎಂದು ಮೌನೇಶ ಅದನ್ನು ಇಸಿದುಕೊಂಡಿದ್ದ.

ಹೆಗಲ ಮೇಲೆ ಕೈ ಹಾಕಿದರೆ ಏನಾಯಿತು ಎಂದು ನಾನು ಕೇಳಿದೆ. ನಮ್ಮೂರಲ್ಲಿ ಗಂಡಸರು ಹಾಗೆ ನಿಲ್ಲುವುದು ದಿನವೂ ಕಾಣುತ್ತದೆ.

“ಕೈಯಿಂದೇನಿಲ್ಲ. ದತ್ತಪ್ಪ ಕ್ಯಾಮೆರಾ ನೋಡಿಲ್ಲ, ನನ್ನ ನೋಡ್ಯಾನ,” ಎಂದರು. “ಅದನ್ನ ನೋಡಿದವ್ರಿಗಿ ಮತ್ತ ಹೇಳೋದೇನೂ ಉಳಿಯಲ್ಲ, ತಂಗಿ. ಯಶೋಧರಾ ಅವ್ರ ಕಣ್ಣಿಗಿ ಬಿದ್ರ, ಅವ್ರ ಮನ್ಯಾಗ ಅವ ಇನ್ನೊಂದ್ಸಲ ಸಾಯ್ತಾನ. ನನಗ ಆ ಬಾಗಿಲಾ ಮುಚ್ಚತದ.”

ಯಶೋಧರಾ ಎಂದರೆ ದತ್ತಪ್ಪನ ಹೆಂಡತಿ. ನಾನು ಫೋಟೊ ಹುಡುಕಿ ಕಮಲಾಪುರಕ್ಕೆ ತಲುಪಿಸುತ್ತೇನೆ ಎಂದೆ. ಇಂಥ ಹೊತ್ತಿನಲ್ಲಿ ಕೇಳಬಾರದಿತ್ತು ಎಂದು ಅವರು ಎರಡು ಸಲ ಹೇಳಿದರು. ಹೋಗುವಾಗ ಚಪ್ಪಲಿ ಹಾಕಿಕೊಳ್ಳಲು ಗೋಡೆ ಹಿಡಿದುಕೊಂಡರು.

ಗಂಡ ಸತ್ತವಳು ಒಂದು ತಿಂಗಳು ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಸತ್ತವರು ಇಸಿದುಕೊಂಡ ವಸ್ತುವನ್ನು ಆ ತಿಂಗಳೊಳಗೆ ಮುಟ್ಟಿಸಬೇಕು ಎಂಬುದೂ ಪದ್ಧತಿಯೇ. ನಾನು ಅತ್ತೆಯ ಮುಂದೆ ಹೋಗಿ ನಿಂತೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಮಾಸ್ತರ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು.

“ನನಗ ಮೊಣಕಾಲು ಬರಲ್ಲ. ನೀನೇ ಹೋಗಿ ಬಾ,” ಎಂದರು. “ಯಾರರ ಏನರ ಅಂದ್ರ ನಾ ಕಳಿಸೀನಿ ಅನ್ನು.”

ಸ್ಟುಡಿಯೊದ ಒಂದು ಕೀಲಿ ಪಕ್ಕದ ಗಾಜಿನ ಅಂಗಡಿಯ ಖಾಜಾನ ಹತ್ತಿರ ಇರುತ್ತಿತ್ತು. ಮೌನೇಶ ಮಾಡಿದ ಫೋಟೊಗಳಿಗೆಲ್ಲ ಫ್ರೇಮು ಹಾಕುವವನು ಖಾಜಾ. ರೋಜಾ ಬಡಾವಣೆಯ ಉರ್ದು ಶಾಲೆಯಲ್ಲಿ ಓದಿದವನು, ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನನ್ನನ್ನು ಕಂಡು ಎದ್ದು ನಿಂತ. ತಾನೇ ಷಟರು ಎತ್ತಿ ಫ್ಯಾನು ಹಾಕಿದ. ಮೇಜಿನ ಮೇಲೆ ಆರ್ಡರ್ ಪುಸ್ತಕ ತೆರೆದೇ ಇತ್ತು. ದತ್ತಪ್ಪನ ಹೆಸರಿನ ಮುಂದೆ ಮೌನೇಶ ಬರೆದಿದ್ದ: ಮೂಲ ಪ್ರತಿ ಹಿಂದೆ ಹಚ್ಚಬಾರದು. ಮಾಸ್ತರ ಕೈಗೇ.

ಹಚ್ಚಬಾರದು ಎಂದು ಯಾಕೆ ಬರೆದ ಎಂಬುದು ನನಗೆ ಗೊತ್ತಿತ್ತು. ಸತ್ತವರ ಫೋಟೊ ದೊಡ್ಡದು ಮಾಡಿಸಲು ಜನ ಹಳೆಯ ಗ್ರೂಪ್ ಫೋಟೊಗಳನ್ನು ತರುತ್ತಾರೆ. ಅದರಲ್ಲಿ ಒಬ್ಬರನ್ನು ಬಿಡಿಸಿ, ಪಕ್ಕದವರನ್ನು ಅಳಿಸಿ, ಹೆಗಲಿಗೆ ಶಾಲು ಕೂರಿಸಿ ಮೌನೇಶ ಪ್ರಿಂಟು ತೆಗೆಯುತ್ತಿದ್ದ. ತಂದುಕೊಟ್ಟ ಮೂಲವನ್ನು ಲಕೋಟೆಗೆ ಹಾಕಿ ಫ್ರೇಮಿನ ಬೆನ್ನಿಗೇ ಹಚ್ಚಿ ಕೊಡುತ್ತಿದ್ದ. ಜನ ಕಳೆದುಕೊಳ್ಳುತ್ತಾರೆ, ಹೀಗಾದರೆ ಗೋಡೆ ಇರುವವರೆಗೆ ಇರುತ್ತದೆ ಎನ್ನುತ್ತಿದ್ದ.

ಮೇಜಿನ ಮೇಲೆ ಲಕೋಟೆ ಇರಲಿಲ್ಲ. ಫ್ರೇಮೂ ಇರಲಿಲ್ಲ. ಖಾಜಾನನ್ನು ಕೇಳಿದೆ. ಮಣ್ಣಾದ ಮೂರನೆಯ ದಿನ ರೇವಣ ಬಂದಿದ್ದನಂತೆ.

“ಫ್ರೇಮು ತಯ್ಯಾರಿತ್ತು, ಭಾಭಿ. ಕೊಟ್ಟೀನಿ. ಲಕೋಟಿ ಬಾಜೂನೇ ಇತ್ತು, ಅದನ್ನೂ ಹಿಂದ ಹಚ್ಚಿ ಕೊಟ್ಟೀನಿ,” ಎಂದ ಖಾಜಾ. “ಮೌನೇಶಭಾಯಿ ಕಾಮ್ ಅರ್ಧಕ್ಕ ಉಳಿಬಾರದು ಅಂತ.”

ಅವನ ಕಣ್ಣು ತುಂಬಿತ್ತು. ಚಲೋ ಆಯಿತು ಎಂದೆ.

ಕಂಪ್ಯೂಟರು ಹಾಕಿ ನೋಡಿದೆ. ಮಾತು ಕೊಟ್ಟಂತೆ ಮೌನೇಶ ಪೂರ್ತಿ ಚಿತ್ರವನ್ನು ಅಳಿಸಿದ್ದ. ಶಾಲು ಹೊದ್ದ ದತ್ತಪ್ಪ ಒಬ್ಬರೇ ಉಳಿದಿದ್ದರು. ಅಂದರೆ ಮಾಸ್ತರ ಫೋಟೊ ಇರುವುದು ಒಂದೇ ಕಡೆ, ದತ್ತಪ್ಪನ ಮನೆಯಲ್ಲಿ, ಅವರ ಬೆನ್ನಿಗೆ ಅಂಟಿಕೊಂಡು. ಶುಕ್ರವಾರ ಹೊಸ ಗೋಡೆಗೆ ಏರಿಸುವವರು ಹಿಂದೆ ಏನಿದೆ ಎಂದು ನೋಡದೆ ಇರುವುದಿಲ್ಲ. ಅಂದು ಬುಧವಾರ.

ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಹೊಸದಾಗಿ ಗಂಡ ಸತ್ತವಳು ಬಾಗಿಲಿಗೆ ಬಂದು ನಿಲ್ಲುವುದು ಯಾರಿಗೂ ಬೇಕಾಗಿರುವುದಿಲ್ಲ. ನಾನು ಹೊರಗಿನ ಕಲ್ಲಿನ ಮೇಲೇ ನಿಂತು ಕೂಗಿದೆ. ಯಶೋಧರಾ ಬಂದರು. ಅರವತ್ತೈದರ ಮೇಲಿನ ಹೆಂಗಸು, ಕೈಗೆ ಜೋಳದ ಹಿಟ್ಟು ಹತ್ತಿತ್ತು. ಮಗ ಸೊಸೆ ಹೊಸ ಮನೆಗೆ ಹೋಗಿದ್ದಾರೆ ಎಂದರು. ನಾನು ಅಲ್ಲೇ ನಿಂತಿದ್ದನ್ನು ನೋಡಿದರು.

“ಒಳಗ ಬಾ. ನಾನೂ ಅದೇ ಅಲ್ಲೇನು?”

ಫ್ರೇಮು ಅವರ ಕೋಣೆಯಲ್ಲಿ ಟ್ರಂಕಿನ ಮೇಲೆ ಗೋಡೆಗೆ ಒರಗಿತ್ತು. ದತ್ತಪ್ಪನ ಕೂದಲು ಗಾಳಿಗೆ ಎದ್ದಿತ್ತು. ನಗುತ್ತಾ ಬಲಕ್ಕೆ ಏನನ್ನೋ ನೋಡುತ್ತಿದ್ದರು. ಬಲಕ್ಕೆ ಏನೂ ಇರಲಿಲ್ಲ, ಮೌನೇಶ ಕೂರಿಸಿದ ತಿಳಿನೀಲಿ ಬಣ್ಣ ಇತ್ತು. ಎಡ ಹೆಗಲ ತುಂಬ ಕೆಂಪಂಚಿನ ಶಾಲು. ಮಾಸ್ತರ ಕೈ ಆ ಶಾಲಿನ ಅಡಿಯಲ್ಲಿದೆ ಎಂದು ನನಗೊಬ್ಬಳಿಗೆ ಗೊತ್ತಿದೆ ಅಂದುಕೊಂಡೆ.

ಸ್ಟುಡಿಯೊದ್ದೊಂದು ಲಕೋಟೆ ತಪ್ಪಿ ಇದರ ಹಿಂದೆ ಬಂದಿದೆ, ಅದು ಬೇರೆಯವರದು ಎಂದೆ. ಯಾರದು ಎಂದು ಯಶೋಧರಾ ಕೇಳಲಿಲ್ಲ. ಕೈ ತೊಳೆದು ಬಂದು ಫ್ರೇಮು ತಿರುವಿದರು. ಲಕೋಟೆಯನ್ನು ಉಗುರಿನಿಂದ ನಿಧಾನಕ್ಕೆ ಬಿಡಿಸಿದರು, ಹಿಂದಿನ ಹಾಳೆ ಹರಿಯದ ಹಾಗೆ. ನನ್ನ ಕೈಗೆ ಕೊಟ್ಟರು.

“ಬಿಚ್ಚಿಲ್ಲ,” ಎಂದರು. ನಾನು ಕೇಳಿರಲಿಲ್ಲ.

ಫ್ರೇಮನ್ನು ಮೊದಲಿನಂತೆ ನಿಲ್ಲಿಸಿ ಸೆರಗಿನಿಂದ ಗಾಜು ಒರೆಸಿದರು. ಮೊಮ್ಮಗಳು ದಿನಾ ಕೇಳುತ್ತಾಳಂತೆ, ಅಜ್ಜ ಯಾರನ್ನು ನೋಡುತ್ತಿದ್ದಾನೆ ಎಂದು. ಫೋಟೊ ತೆಗೆಯುವವನನ್ನು ಎಂದು ಹೇಳಿದ್ದಾರಂತೆ. ಗೋವಾದಿಂದ ಬಂದ ಮೇಲೆ ಒಂದು ತಿಂಗಳು ದತ್ತಪ್ಪ ಮನೆಯಲ್ಲಿ ಯಾರಿಗೂ ಬೈಯುತ್ತಿರಲಿಲ್ಲ, ಕೊಟ್ಟದ್ದು ಉಣ್ಣುತ್ತಿದ್ದರು ಎಂದರು. ಆ ಒಂದು ತಿಂಗಳಿಗಾಗಿ ತಾನು ಎಷ್ಟು ರೊಟ್ಟಿ ಬಡಿದು ಕಟ್ಟಿಕೊಟ್ಟಿದ್ದೇನೋ ಎಂದರು. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ನಾನು ಹೊರಡುವಾಗ ಬಾಗಿಲವರೆಗೆ ಬಂದರು.

“ಸಾಯಬಣ್ಣ ಮಾಸ್ತರು ಸಿಕ್ರ ಹೇಳು, ಶುಕ್ರವಾರ ಬರಬೇಕು ಅಂತ. ಇವರನ್ನ ಮಣ್ಣಿಗಿ ಒಯ್ದಾಗ ಎಲ್ಲಾರ ಹಿಂದ ನಿಂತಿದ್ರು. ನಾ ನೋಡೀನಿ.”

ಗುರುವಾರ ಕಮಲಾಪುರದ ಬಸ್ಸು ಹತ್ತಿದೆ. ಅದೇ ಹುಮನಾಬಾದ್ ರಸ್ತೆ. ಮೌನೇಶ ಬಿದ್ದ ಜಾಗ ಎಡಕ್ಕೆ ಬರುತ್ತದೆ ಎಂದು ಹೇಳಿದ್ದರು, ಬಲಗಡೆಯ ಸೀಟಿನಲ್ಲಿ ಕೂತೆ. ಲಕೋಟೆಯನ್ನು ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದಿದ್ದೆ. ನನ್ನ ಪಕ್ಕದ ಹೆಂಗಸು ಮಗಳ ಬಾಣಂತನಕ್ಕೆ ಹೊರಟಿದ್ದಳು. ನಿನಗೆಷ್ಟು ಮಕ್ಕಳು ಎಂದು ಕೇಳಿದಳು. ಇಲ್ಲ ಎಂದೆ. ಆಗುತ್ತವೆ ಬಿಡು ಎಂದಳು.

ಮಾಸ್ತರದು ಶಾಲೆಯ ಹಿಂದಿನ ಒಂಟಿಕೋಣೆಯ ಮನೆ. ಜಗಲಿಯ ಮೇಲೆ ಕೂತು ದಾರಿ ನೋಡುತ್ತಿದ್ದರು. ಒಳಗಿನ ಗೋಡೆಯಲ್ಲಿ ಹಳೆಯ ವಿದ್ಯಾರ್ಥಿಗಳ ಚಿತ್ರಗಳು, ಎಲ್ಲದರಲ್ಲೂ ಸಮುದ್ರ. ಮೂವತ್ತು ವರ್ಷ ಕಮಲಾಪುರದ ಮಕ್ಕಳ ಕೈಯಿಂದ ಸಮುದ್ರ ಬರೆಸಿದ್ದೇನೆ, ಬರೆದವರಲ್ಲಿ ನೋಡಿದವರು ಒಬ್ಬರೂ ಇರಲಿಲ್ಲ ಎಂದರು. ನೀರನ್ನು ಕೆಲವರು ಹೊಲದ ಸಾಲಿನ ಹಾಗೆ ಗೆರೆ ಎಳೆದು ಬರೆದಿದ್ದರು.

ನಾನು ನಡೆದದ್ದೆಲ್ಲ ಹೇಳಿದೆ. ಖಾಜಾ ಹಚ್ಚಿಕೊಟ್ಟದ್ದು, ಅದು ಹತ್ತು ದಿನ ಆ ಮನೆಯಲ್ಲಿದ್ದದ್ದು, ಯಶೋಧರಾ ತೆಗೆದುಕೊಟ್ಟದ್ದು. ಹೇಳುತ್ತಿದ್ದಂತೆ ಅವರು ಮಂಚದ ಮೇಲೆ ಕೂತುಬಿಟ್ಟರು. ಬಿಚ್ಚಿಲ್ಲ ಅಂದಿದ್ದಾರೆ ಎಂದೆ. ಅವರು ತಲೆ ಅಲ್ಲಾಡಿಸಿದರು, ನಂಬಿದರು ಅನ್ನಿಸಲಿಲ್ಲ.

ಲಕೋಟೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅರ್ಗಾದ ಮಾತು ತೆಗೆದರು. ಒಂದು ವರ್ಷ ಹೋದಾಗ ಅಲ್ಲಿಗೆ ಬೇಲಿ ಬಿದ್ದಿತ್ತಂತೆ, ನೌಕಾದಳದ ಗೇಟು, ಗೇಟಿನಲ್ಲಿ ಬಂದೂಕಿನವನು. ದತ್ತಪ್ಪ ಅವನ ಹತ್ತಿರ ಹೋಗಿ ತನ್ನ ಗಂಜಿನ ಹಿಂದಿಯಲ್ಲಿ ಅರ್ಧ ತಾಸು ವಾದ ಮಾಡಿದರು. ಒಂದು ಮರ ಇದೆ, ಅದರ ಕೆಳಗೆ ಹತ್ತು ನಿಮಿಷ ಕೂತು ಬರುತ್ತೇವೆ ಎಂದು. ಅವನು ಬಿಡಲಿಲ್ಲ. ಎದುರಿನ ಬಸ್‌ಸ್ಟಾಪಿನಲ್ಲಿ ಸಂಜೆವರೆಗೆ ಕೂತು ವಾಪಸು ಬಂದರು. ಆಮೇಲೆಯೂ ಹನ್ನೆರಡು ವರ್ಷ ಊರ ಮುಂದಿನ ದಂಡೆಗೆ ಹೋದರು. ಅಲ್ಲಿ ಜನ ಇರುತ್ತಿದ್ದರು, ಪಕ್ಕಪಕ್ಕದಲ್ಲಿ ಕೂರಬಹುದಿತ್ತು, ಅಷ್ಟೆ.

“ಅಲ್ಲಿ ಅವ ನನಗ ಹೆಸರು ಹಿಡಿದು ಕರೀತಿದ್ದ. ಇಲ್ಲಿ ಬಂದ್ರ ಮತ್ತ ಮಾಸ್ತರ,” ಎಂದರು. “ಈಗ ಸಾಯಬಣ್ಣ ಅನ್ನವ್ರು ಯಾರೂ ಉಳಿದಿಲ್ಲ.”

ಆಮೇಲೆ ಲಕೋಟೆಗೆ ಕೈ ಚಾಚಿದರು. ಮುಚ್ಚಿದ ಅಂಚನ್ನು ಬೆಳಕಿಗೆ ಹಿಡಿದರು, ಬೆರಳು ಆಡಿಸಿದರು, ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು.

“ಮೌನೇಶ ಟೇಪ್ ಹಚ್ಚವ. ಇದು ಜೋಳದ ಹಿಟ್ಟಿನ ಅಂಟು.”

ಅಲ್ಲಿಯವರೆಗೆ ಗಮನಿಸದೇ ಇದ್ದುದನ್ನು ನಾನು ಆಗ ನೋಡಿದೆ. ಟೇಪು ಕಿತ್ತ ಗುರುತಿತ್ತು. ಅದರ ಮೇಲೆ ಹಿಟ್ಟು ಕುದಿಸಿ, ತೆಳ್ಳಗೆ ಸವರಿ, ಅಂಚಿಗೆ ಅಂಚು ಕೂರಿಸಿ ಅಂಟಿಸಿದ್ದರು. ಯಶೋಧರಾ ಬಿಚ್ಚಿದ್ದರು. ನೋಡಿ, ಮತ್ತೆ ಮುಚ್ಚಿದ್ದರು.

“ನೋಡ್ಯಾರ,” ಎಂದರು ಮಾಸ್ತರು.

ಶುಕ್ರವಾರ ಬರಬೇಕೆಂದು ಯಶೋಧರಾ ಹೇಳಿ ಕಳಿಸಿದ್ದನ್ನು ನಾನು ಆಗ ಹೇಳಿದೆ. ಮಣ್ಣಿನ ದಿನ ನೀವು ಎಲ್ಲರ ಹಿಂದೆ ನಿಂತದ್ದನ್ನು ಅವರು ನೋಡಿದ್ದಾರೆ ಎಂದೆ. ಮಾಸ್ತರು ಹೋಗುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಲಕೋಟೆಯನ್ನು ನನಗೇ ತಿರುಗಿಸಿ ಕೊಟ್ಟು, ತೆಗೆದುಕೊಡು ಎಂದರು.

ಅಂಟು ಸುಲಭವಾಗಿ ಬಿಟ್ಟಿತು. ಫೋಟೊ ಅಂಗೈಯಷ್ಟು ದೊಡ್ಡದು. ಬಣ್ಣ ಕೆಂಪಗೆ ತಿರುಗಿ ಸಮುದ್ರ ನಮ್ಮ ಕಡೆಯ ಮಣ್ಣಿನ ಹಾಗೆ ಕಾಣುತ್ತಿತ್ತು. ಪ್ಯಾಂಟು ಮಡಚಿಕೊಂಡ ಇಬ್ಬರು ಗಂಡಸರು. ಮಾಸ್ತರು ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದರು, ಹೆದರಿದವರ ಹಾಗೆ. ದತ್ತಪ್ಪ ನೋಡುತ್ತಿದ್ದದ್ದು ಅವರನ್ನು.

ಅದನ್ನು ಅವರ ಅಂಗೈಯಲ್ಲಿಟ್ಟೆ. ಅವರು ಕನ್ನಡಕ ತೆಗೆದು ಫೋಟೊವನ್ನು ಮುಖದ ಹತ್ತಿರ ತಂದುಕೊಂಡರು.

ಖಾಲಿ ಲಕೋಟೆ ನನ್ನ ಕೈಯಲ್ಲೇ ಉಳಿದಿತ್ತು. ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಮಾಸ್ತರದು ಎಂದು ಬರೆದಿತ್ತು, ಮೌನೇಶನ ಅಕ್ಷರ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಆಮೇಲೆ ಅದನ್ನೂ ಕೊಟ್ಟೆ.